ಮಂಗಳವಿಲ್ಲದ ಕಾವ್ಯ

ರಸವಾಹಕ ಯಂತ್ರವನ್ನು ಶ್ರೀಕಂಠನ ತಲೆಗೆ ಏರಿಸಿದಾಗ ಬೆಳಿಗ್ಗೆ ಹತ್ತೂವರೆ. ಪ್ರಯೋಗಾಲಯದವರು ಅದನ್ನು ಪೇಟ ಎಂದೇ ಕರೆಯುತ್ತಿದ್ದರು. ಆಕಾರವೂ ಮೈಸೂರು ಪೇಟದ್ದೇ, ಜರಿಯ ಬದಲು ತಾಮ್ರದ ಎಳೆಗಳು ಅಷ್ಟೆ. ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸುವ ಶ್ರೀಕಂಠ, "ಮದುಮಗನ ಥರ ಕಾಣ್ತಿದೀನಾ ಅಮ್ಮ?" ಎಂದು ತಾಯಿಯನ್ನು ಕೇಳಿ ನಕ್ಕ. ಎರಡು ನಿಮಿಷದಲ್ಲಿ ಅವನ ಕಣ್ಣು ಮುಚ್ಚಿತು. ಎರಡು ಸಾವಿರ ವರ್ಷ ಹಳೆಯ ಲ್ಯಾಟಿನ್ ಮಹಾಕಾವ್ಯವೊಂದು, ಒಂದಕ್ಷರ ಲ್ಯಾಟಿನ್ ಬಾರದ ಅವನೊಳಗೆ ಹರಿಯತೊಡಗಿತು.

ರಸವಾಹಕದ ಕೆಲಸ ಹೇಳುವುದಕ್ಕೆ ಸುಲಭ. ಕಾವ್ಯದ ಸಾಲುಗಳನ್ನು ಅದು ಮಿದುಳಿಗೆ ನೇರವಾಗಿ ತಿಳಿಯುವ ಸಂಕೇತಗಳನ್ನಾಗಿ ಮಾಡುತ್ತದೆ. ಓದುಗ ಓದುವುದಿಲ್ಲ, ಕಾವ್ಯದ ಒಳಗೆ ಹೋಗಿ ನಿಲ್ಲುತ್ತಾನೆ. ಅಷ್ಟು ಹಳೆಯ ಕಾವ್ಯಕ್ಕೆ ಇಂದಿನವರ ಮನಸ್ಸು ಹೇಗೆ ಮಿಡಿಯುತ್ತದೆಂಬುದನ್ನು ಗೋಡೆಯ ಪರದೆಯ ಮೇಲಿನ ಸ್ಪಂದನರೇಖೆ ತೋರಿಸುತ್ತದೆ. ಅದನ್ನು ತಿಳಿಯುವುದೇ ಪ್ರಯೋಗದ ಉದ್ದೇಶವಾಗಿತ್ತು.

ಒಂದು ಅಪಾಯವೂ ಇತ್ತು. ಎದೆ ಹೊಡೆದುಕೊಳ್ಳುತ್ತಿರುವಾಗ ಪೇಟ ಕಿತ್ತರೆ ಹೃದಯವೇ ನಿಂತುಹೋಗಬಹುದು. ಹಾಗೆ ಎರಡು ಮೊಲಗಳು ಸತ್ತಿದ್ದವು. ಮೊಲಗಳಿಗೆ ಯಾರೂ ಮಹಾಕಾವ್ಯ ಓದಿಸಿರಲಿಲ್ಲ, ಹೆದರಿಕೆಯ ಸಂಕೇತಗಳನ್ನಷ್ಟೆ ಕೊಟ್ಟಿದ್ದರು. ಯಂತ್ರವನ್ನು ರೂಪಿಸಿದ ಡಾ. ಮಂದಾಕಿನಿ ಇದಕ್ಕೊಂದು ಪರಿಹಾರ ಕಂಡುಹಿಡಿದರು. ಅವರು ಗಮಕ ವಾಚನ ಕೇಳುತ್ತ ಬೆಳೆದವರು. ಸಾವಿನ ಪದ್ಯದಲ್ಲಿ ಓದು ನಿಲ್ಲಿಸಬಾರದು, ಮಂಗಳ ಹಾಡಿದ ಮೇಲೆಯೇ ಕೇಳುಗರು ಏಳಬೇಕು ಎಂಬುದು ಅಲ್ಲಿನ ಪದ್ಧತಿ. ಅದನ್ನೇ ಅವರು ಯಂತ್ರಕ್ಕೆ ಕಲಿಸಿ, ಮಂಗಳಾಂತ ನಿಯಮವೆಂದು ಹೆಸರಿಟ್ಟರು. ಓದುಗನ ಎದೆಬಡಿತ ತೊಂಬತ್ತಕ್ಕಿಂತ ಕೆಳಗಿಳಿಯದೆ ಯಂತ್ರ ಅವನನ್ನು ಬಿಡುವುದಿಲ್ಲ. ಇಳಿಯದಿದ್ದರೆ ಕೊನೆಯ ನೂರು ಸಾಲನ್ನು ಮತ್ತೆ ಹರಿಸುತ್ತದೆ.

ಕಾವ್ಯವೆಂದ ಮೇಲೆ ಕೊನೆಗೆ ಮಂಗಳ ಇದ್ದೇ ಇರುತ್ತದೆಂದು ಎಲ್ಲರೂ ನಂಬಿದ್ದರು. ಲ್ಯಾಟಿನ್ ಬಲ್ಲ ಪಾದ್ರಿಯೊಬ್ಬರಿಗೆ ಪಠ್ಯ ಸರಿಯಾಗಿದೆಯೇ ಎಂದು ಕೇಳಿದ್ದರು. ಸರಿಯಾಗಿದೆ ಎಂದಿದ್ದರು ಅವರು. ಅದು ಹೇಗೆ ಮುಗಿಯುತ್ತದೆಂದು ಅವರನ್ನು ಯಾರೂ ಕೇಳಲಿಲ್ಲ.

ಮೂರು ಗಂಟೆಗೆ ಕೊನೆಯದಾದ ಹನ್ನೊಂದನೆಯ ಸರ್ಗ ಮುಗಿಯಿತು. ಸ್ಪಂದನರೇಖೆ ನೆಟ್ಟಗೆ ಮೇಲಕ್ಕೇರಿ ಕೆಂಪಾಯಿತು. ಎದೆಬಡಿತ ನೂರ ಅರವತ್ತೆಂಟು.

"ಏನಾಯ್ತಮ್ಮ ಅವನಿಗೆ?" ಎಂದು ತುಂಗಮ್ಮ ಕುರ್ಚಿಯಿಂದ ಎದ್ದರು. ನಲವತ್ತು ವರ್ಷ ಗಮಕ ವಾಚನ ಮಾಡಿದ ಹೆಂಗಸು; ಮಗನ ಜತೆಗೆ ಕುತೂಹಲಕ್ಕೆಂದು ಬಂದಿದ್ದರು.

ಮಂದಾಕಿನಿ, ಅಲ್ಲಿಯತನಕ ಯಾರೂ ಬಿಡಿಸಿ ನೋಡದಿದ್ದ ಅನುವಾದವನ್ನು ತೆರೆದು ಕೊನೆಯ ಪುಟ ಓದಿದರು. ಯುದ್ಧದಲ್ಲಿ ಸೋತವನೊಬ್ಬ ಹೊಳೆಯ ದಡದಲ್ಲಿ ಬೊಗಸೆಯಲ್ಲಿ ನೀರು ಕುಡಿಯುತ್ತಿರುತ್ತಾನೆ. ಗೆದ್ದ ನಾಯಕ ಹಿಂದೆ ಬಂದು ನಿಲ್ಲುತ್ತಾನೆ. ಕುಡಿದು ಮುಗಿಸುವ ತನಕ ತಾಳು ಎಂದು ಸೋತವನು ಬೇಡುತ್ತಾನೆ. ನಾಯಕನ ಕೈ ಒಂದು ಕ್ಷಣ ತಡೆಯುತ್ತದೆ, ಆಮೇಲೆ ಕಡಿಯುತ್ತದೆ. ಅಲ್ಲಿಗೆ ಕಾವ್ಯವೇ ಮುಗಿಯಿತು.

"ಆಮೇಲೆ?" ಎಂದರು ತುಂಗಮ್ಮ.

"ಆಮೇಲೆ ಏನೂ ಇಲ್ಲ ತುಂಗಮ್ಮನೋರೆ. ಇಷ್ಟೇ."

"ಮಂಗಳ?"

"ಇಲ್ಲ. ನಿಮ್ಮ ಮಗ ಈಗ ಆ ಕತ್ತಿ ಹಿಡಿದೋನ ಜಾಗದಲ್ಲಿ ನಿಂತಿದಾರೆ. ಶಾಂತ ಆಗೋ ತನಕ ಯಂತ್ರ ಅದನ್ನೇ ಮತ್ತೆ ಮತ್ತೆ ಓದ್ಸುತ್ತೆ."

ನಾಲ್ಕು ನಿಮಿಷಕ್ಕೊಂದು ಆವೃತ್ತಿ. ಪ್ರತಿ ಆವೃತ್ತಿಯ ಕೊನೆಗೂ ಶ್ರೀಕಂಠನ ಗಂಟಲಿನಿಂದ ಕಿರಿದಾದ ಒಂದು ಸದ್ದು ಬರುತ್ತಿತ್ತು, ಕುತ್ತಿಗೆಯ ನರ ಉಬ್ಬುತ್ತಿತ್ತು. ತುಂಗಮ್ಮ ಅವನ ಬಲಗೈಯ ಪಕ್ಕದಲ್ಲೇ ಕುಳಿತರು. ಕಡಿಯುವ ಗಳಿಗೆ ಬಂದಾಗಲೆಲ್ಲ ಅವನ ಬೆರಳುಗಳು, ಹಿಡಿದದ್ದನ್ನು ಬಿಸಾಡುವವನಂತೆ ತಟ್ಟನೆ ಬಿಚ್ಚಿಕೊಳ್ಳುತ್ತಿದ್ದವು. ಕತ್ತಿ ಎಸೆಯಲು ನೋಡುತ್ತಿದ್ದಾನೆ ನನ್ನ ಮಗ ಎಂದುಕೊಂಡು ಅವರು ಸದ್ದಿಲ್ಲದೆ ಅತ್ತರು.

ಹತ್ತನೆಯ ಆವೃತ್ತಿಗೆ ಎದೆಬಡಿತ ನೂರ ಐವತ್ತಕ್ಕೆ ಬಂತು. ಹದಿನಾರಕ್ಕೆ ನೂರ ಇಪ್ಪತ್ತು. ಕೆಂಪು ಮಾಸಿ ಹಳದಿಯಾಯಿತು. ಪ್ರಯೋಗಾಲಯದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಕಾಫಿ ತರಿಸಿದರು.

"ಇಳೀತಿದೆ," ಎಂದು ಮಂದಾಕಿನಿ ಕಣ್ಣೊರೆಸಿಕೊಂಡರು. "ಇನ್ನು ಎಂಟು ಹತ್ತು ಆವೃತ್ತಿ, ಅಷ್ಟೇ ಅಮ್ಮ. ತಾನಾಗೇ ಬಿಟ್ಬಿಡುತ್ತೆ. ಏನೂ ತೊಂದರೆ ಇಲ್ಲ."

ತುಂಗಮ್ಮ ಪರದೆಯತ್ತ ತಿರುಗಲಿಲ್ಲ. ಸಭೆಯಲ್ಲೂ ಅಷ್ಟೆ, ಅವರು ಓದುತ್ತ ನೋಡುತ್ತಿದ್ದುದು ಕೇಳುಗರ ಮುಖವನ್ನು. ಹದಿನೇಳನೆಯ ಸಲ ಬೆರಳು ಬಿಚ್ಚಲಿಲ್ಲ. ಹದಿನೆಂಟನೆಯ ಸಲವೂ ಬಿಚ್ಚಲಿಲ್ಲ. ಹತ್ತೊಂಬತ್ತನೆಯ ಸಲ, ಸರಿಯಾದ ಗಳಿಗೆಗೆ, ಬೆರಳುಗಳು ಒಂದೊಂದಾಗಿ ಮಡಚಿ ಬಿಗಿಯಾಗಿ ಹಿಡಿದುಕೊಂಡವು. ಗಂಟಲಿನ ಸದ್ದು ಬರಲೇ ಇಲ್ಲ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ತುಂಗಮ್ಮ ಮಂದಾಕಿನಿಯತ್ತ ತಿರುಗಿದರು.

"ತೆಗೀರಿ ಅದನ್ನ."

"ಈಗ ಬೇಡ ಅಮ್ಮ, ಇನ್ನೂ ನೂರ ಹನ್ನೆರಡಿದೆ. ಜೀವಕ್ಕೆ ಅಪಾಯ. ಅರ್ಧ ಗಂಟೆ ಕಾದ್ರೆ ಶಾಂತವಾಗಿ ಎದ್ದು ಬರ್ತಾರೆ."

"ಶಾಂತಾನಾ? ಅವನ ಕೈ ನೋಡು ತಾಯಿ. ಕಡಿಯೋದು ಕಲಿತ್ಬಿಡ್ತು ಅದು."

"ಅಭ್ಯಾಸ ಆಗ್ತಿದೆ, ಅಷ್ಟೇ. ನೀವೂ ನಲವತ್ತು ವರ್ಷ ಯುದ್ಧದ ಪದ್ಯ ಓದಿದೀರಿ. ನಿಮಗೇನಾಗಿದೆ?"

"ಇವತ್ತಿಗೂ ಸಾಯೋ ಪದ್ಯ ಬಂದ್ರೆ ನನ್ನ ಗಂಟಲು ಕಟ್ಟುತ್ತೆ ಕಣಮ್ಮ. ನಾನು ಓದಿ, ಪುಸ್ತಕ ಮುಚ್ಚಿ, ಮನೆಗೆ ಹೋಗಿ ಅನ್ನಕ್ಕಿಡ್ತೀನಿ. ನೀವು ಇವನನ್ನ ಏಳೋಕೇ ಬಿಟ್ಟಿಲ್ವಲ್ಲ!" ತುಂಗಮ್ಮ ಮಗನ ಕೈಯನ್ನು ತಮ್ಮ ಎರಡು ಕೈಯಲ್ಲಿ ಹಿಡಿದುಕೊಂಡರು. ಆ ಮುಷ್ಟಿಯನ್ನು ಬಿಡಿಸಲು ಅವರಿಂದ ಆಗಲಿಲ್ಲ. "ಹೀಗೆ ಎದ್ದು ಬಂದೋನು ನನ್ನ ಮಗ ಆಗಿರಲ್ಲ. ತೆಗೀರಿ."

ಒಪ್ಪಿಗೆ ಪತ್ರದಲ್ಲಿ, ತನ್ನ ಪರವಾಗಿ ನಿರ್ಧರಿಸುವವರೆಂದು, ಶ್ರೀಕಂಠ ತಾಯಿಯ ಹೆಸರನ್ನೇ ಬರೆದಿದ್ದ. ಮಂದಾಕಿನಿಗೆ ಎರಡೂ ಕಡೆ ಭಯ. ಸತ್ತ ಮೊಲಗಳು ಕಣ್ಣ ಮುಂದೆ ಬಂದವು. ಇಪ್ಪತ್ತನೆಯ ಆವೃತ್ತಿ ಶುರುವಾಗಿ ಹೊಳೆಯ ದಡ ಬಂತು. ಅವರು ಗುಂಡಿ ಒತ್ತಿ ಪೇಟವನ್ನು ಕಿತ್ತರು.

ಹೃದಯ ನಿಂತಿತು. ಪರದೆಯ ಮೇಲೆ ಗೆರೆ ಮಲಗಿತು. ಪಕ್ಕದಲ್ಲಿ ಸಿದ್ಧವಿದ್ದ ವೈದ್ಯರು ಎದೆಯನ್ನು ಒತ್ತುತ್ತಿದ್ದರು. ತುಂಗಮ್ಮ ಒಂದು, ಎರಡು ಎಂದು ಎಣಿಸತೊಡಗಿದರು. ನಾನೇ ಕೊಂದೆನೇ ಎಂಬ ಮಾತು ಮನಸ್ಸಿಗೆ ಬಂದಾಗ ಎಣಿಕೆ ಹನ್ನೊಂದಕ್ಕೆ ಬಂದಿತ್ತು. ಹದಿನಾಲ್ಕಕ್ಕೆ ಶ್ರೀಕಂಠ ಬಾಯಿ ತೆರೆದು ಕಟ್ಟಡವೇ ಕೇಳುವಂತೆ ಕಿರುಚಿದ.

ಆ ದಿನದಿಂದ ಅವನು ಯಾರಾದರೂ ಹಿಂದೆ ನಿಂತರೆ ನೀರು ಕುಡಿಯಲಾರ. ಅಡುಗೆಮನೆಯಲ್ಲಿ ಈಳಿಗೆ ಕಂಡರೆ ಮೈ ಬೆವರುತ್ತದೆ. ಶಾಲೆಗೆ ಹೋಗದೆ ಒಂದು ತಿಂಗಳಾಯಿತು. ಪ್ರಯೋಗಾಲಯದ ವರದಿಯಲ್ಲಿ ಅವನು ವಿಫಲ ಪ್ರಕರಣ. ಅವನ ಪ್ರಯೋಗ ನಡೆದ ದಿನವೇ ಪ್ರಯೋಗಾಲಯದ ತುಮಕೂರಿನ ಕೇಂದ್ರದಲ್ಲಿ ಆರು ಮಂದಿ ಅದೇ ಕಾವ್ಯವನ್ನು ಓದಿದ್ದರು. ಮಂದಾಕಿನಿ ಗಾಬರಿಯಿಂದ ಅಲ್ಲಿಗೆ ಫೋನು ಮಾಡುವ ಹೊತ್ತಿಗೆ ಆರು ಮಂದಿಯನ್ನೂ ಯಂತ್ರ ತಾನಾಗಿಯೇ ಬಿಟ್ಟುಕೊಟ್ಟಿತ್ತು. ರಕ್ತದೊತ್ತಡ, ನಿದ್ದೆ, ಹಸಿವು ಎಲ್ಲವೂ ಸರಿ. ಆರೂ ಯಶಸ್ವಿ ಪ್ರಕರಣಗಳು.

ಒಂದು ಭಾನುವಾರ ಬೆಳಿಗ್ಗೆ ತುಂಗಮ್ಮನಿಗೆ ತುಮಕೂರಿನಿಂದ ಹೆಂಗಸೊಬ್ಬಳ ಫೋನು ಬಂತು. ಆ ಆರು ಮಂದಿಯಲ್ಲಿ ಒಬ್ಬನ ಹೆಂಡತಿ; ನಂಬರನ್ನು ಮಂದಾಕಿನಿಯಿಂದ ಪಡೆದಿದ್ದಳು.

"ನಿಮ್ಮ ಮಗ ಹೇಗಿದಾರಮ್ಮ?"

"ಹೆದರ್ತಾನಮ್ಮ. ಎಲ್ಲದಕ್ಕೂ ಹೆದರ್ತಾನೆ. ನಿಮ್ಮನೆಯವ್ರು?"

"ಚೆನ್ನಾಗಿದಾರೆ. ಡಾಕ್ಟ್ರು ಹಾಗೇ ಹೇಳ್ತಾರೆ." ಹೆಂಗಸು ದನಿ ತಗ್ಗಿಸಿದಳು. "ಮೊನ್ನೆ ಮಗು ಮೆಟ್ಟಿಲ ಮೇಲಿಂದ ಬಿದ್ದು ಹಣೆ ಒಡ್ಕೊಂಡ್ಬಿಡ್ತು. ಇವ್ರು ಅಲ್ಲೇ ತಿಂಡಿಗೆ ಕೂತಿದ್ರು. ನೋಡಿ, ರಕ್ತ ಬರ್ತಿದೆ ಅಂದ್ರು. ಅಂದು ಇನ್ನೊಂದು ದೋಸೆ ಹಾಕಿಸ್ಕೊಂಡ್ರು."

ಒಳಕೋಣೆಯಲ್ಲಿ ಏನೋ ಬಿದ್ದ ಸದ್ದಾಯಿತು. "ಅಮ್ಮಾ, ಎಲ್ಲಿದೀಯಾ?" ಎಂದು ನಡುಗುವ ದನಿಯಲ್ಲಿ ಶ್ರೀಕಂಠ ಕೂಗಿದ.

ಆ ಕೂಗು ಫೋನಿನಲ್ಲೂ ಕೇಳಿಸಿರಬೇಕು. ಹೆಂಗಸು ಅಳತೊಡಗಿದಳು. "ಅಮ್ಮ, ನಿಮ್ಮ ಕಾಲಿಗೆ ಬೀಳ್ತೀನಿ. ನಮ್ಮನೆಯವ್ರಿಗೆ ಮತ್ತೆ ಭಯ ಬರೋ ಹಾಗೆ ಮಾಡೋಕಾಗುತ್ತಾ?"