ಹದಿನೆಂಟು ಇಂಚು ತೇಗ

“ಉದ್ದ ಇನ್ನೂರ ಎಂಬತ್ತೈದು ಅಡಿ. ಮೈಗೆ ಹನ್ನೆರಡು ಇಂಚು ದಪ್ಪದ ಕಬ್ಬಿಣ. ಅದರ ಹಿಂದೆ ಹದಿನೆಂಟು ಇಂಚು ತೇಗದ ಮರ!”

ಲವೀನಿಯಾ ಪಟಪಟನೆ ಹೇಳುತ್ತ ಕರಿಹಲಗೆಯ ಮೇಲೆ ಯುದ್ಧದ ಹಡಗು ಬರೆದಳು. ಪಕ್ಕದಲ್ಲಿ ಅಳತೆಗಳನ್ನೂ ಬರೆದಳು. ಆ ಹಡಗು ಇಂಗ್ಲೆಂಡಿನ ಚಾಥಮ್ ಹಡಗುಕಟ್ಟೆಯಲ್ಲಿ ಇನ್ನೂ ಅರ್ಧ ಮಾತ್ರ ಎದ್ದಿತ್ತು. ಅದರ ನಕ್ಷೆ ಬರೆಯುವವರಲ್ಲಿ ಲವೀನಿಯಾಳ ಅಪ್ಪನೂ ಒಬ್ಬರು.

“ಶಭಾಷ್! ಮಧ್ಯಾಹ್ನ ಶಾಲಾ ಇನ್‌ಸ್ಪೆಕ್ಟರ್ ಬಂದಾಗ ನೀನೇ ವಿವರಿಸು,” ಎಂದರು ಟೀಚರ್ ಮಿಸ್ ಪಾರ್ಜಿಟರ್.

ಮೂರನೇ ಬೆಂಚಿನಲ್ಲಿದ್ದ ಕೆಜಾಯಾಳಿಗೆ ಹೊಟ್ಟೆ ಧಗಧಗ ಉರಿಯಿತು. ಅವಳ ಅಪ್ಪನಿಗೂ ಅದೇ ಹಡಗಿನಲ್ಲಿ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಅದರ ಮೈಗೆ ಬೋಲ್ಟು ಬಿಗಿಯುತ್ತಿದ್ದ. ಆದರೆ ಮಸಿ ಮೆತ್ತಿದ ಅಂಗಿಯ ಅಪ್ಪನ ಬಗ್ಗೆ ಯಾರು ಕೇಳುತ್ತಾರೆ?

“ನಿಮ್ಮಪ್ಪ ಏನ್ ಬರೀತಾರೆ ಕೆಜಾಯಾ?” ಪಕ್ಕದ ಹುಡುಗಿ ಛೇಡಿಸಿದಳು. “ಸುತ್ತಿಗೇಲಿ ಅಕ್ಷರಾನಾ?”

ಊಟದ ಬಿಡುವಿನಲ್ಲಿ ಎಲ್ಲರೂ ಹೊರಗೆ ಓಡಿದರು. ಕೆಜಾಯಾ ಮಾತ್ರ ಹಲಗೆಯ ಮುಂದೆ ನಿಂತಳು. ತೇಗದ ಪಕ್ಕದ ೧೮ರಲ್ಲಿ ಮೊದಲಿನ ೧ ಅನ್ನು ಹೆಬ್ಬೆರಳಿನಿಂದ ಒರೆಸಿಬಿಟ್ಟಳು. ಉಳಿದದ್ದು ಬರೀ ೮.

ಮಧ್ಯಾಹ್ನ ಇನ್‌ಸ್ಪೆಕ್ಟರ್ ಕನ್ನಡಕದ ಮೇಲಿನಿಂದ ಹಲಗೆ ನೋಡಿದರು. “ಮರ ಎಂಟೇ ಇಂಚಾ?”

ಲವೀನಿಯಾ ತಿರುಗಿ ನೋಡಿದಳು. “ಎಂಟು... ಅಲ್ಲ... ಗೊತ್ತಾಗ್ತಿಲ್ಲ ಸರ್.”

“ಹೋಗ್ಲಿ. ಇಷ್ಟೊಂದು ಕಬ್ಬಿಣ ಇರೋವಾಗ ಮರ ಯಾಕೆ ಬೇಕು?”

ಲವೀನಿಯಾ ಮತ್ತೆ ಹಲಗೆಯ ಮೇಲಿನ ಅಂಕಿಗಳಲ್ಲೇ ಉತ್ತರ ಹುಡುಕಿದಳು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಕೆಜಾಯಾಳ ಕೈ ತಾನಾಗಿಯೇ ಮೇಲೆದ್ದಿತು. “ಗುಂಡು ಬಡಿದ್ರೆ ಕಬ್ಬಿಣ ಅದುರುತ್ತೆ ಸರ್. ಬರೀ ಕಬ್ಬಿಣ ಇದ್ರೆ ಬೋಲ್ಟುಗಳು ಪಟ್ ಅಂತ ಮುರೀತವೆ. ಹಿಂದೆ ಮರ ಇದ್ರೆ ಪೆಟ್ಟನ್ನ ಅದು ನುಂಗ್ಕೊಳ್ಳುತ್ತೆ.”

“ಭೇಷ್! ಅದಕ್ಕೆ ಎಂಟು ಇಂಚು ಸಾಕಾ?”

ಎಲ್ಲರೂ ಕೆಜಾಯಾಳನ್ನೇ ನೋಡುತ್ತಿದ್ದರು. ಹೌದು ಅಂದರೆ ಮುಗಿಯಿತು, ಇವತ್ತು ಅವಳೇ ರಾಣಿ. ಲವೀನಿಯಾ ಹಲಗೆಯ ಪಕ್ಕ ತಲೆ ತಗ್ಗಿಸಿ ಸೀಮೆಸುಣ್ಣವನ್ನು ಪುಡಿ ಮಾಡುತ್ತಿದ್ದಳು.

“ಸಾಲಲ್ಲ ಸರ್,” ಎಂದಳು ಕೆಜಾಯಾ. “ಹದಿನೆಂಟು ಬೇಕು. ಲವೀನಿಯಾ ಸರಿಯಾಗೇ ಬರ್ದಿದ್ಲು. ಒಂದನ್ನ ಅಳಿಸಿದ್ದು... ನಾನು.”

ಇನ್‌ಸ್ಪೆಕ್ಟರ್ ಹೋದ ಮೇಲೆ ಮಿಸ್ ಪಾರ್ಜಿಟರ್ ಬೆತ್ತದಿಂದ ಅವಳ ಅಂಗೈಗೆ ಎರಡೇಟು ಕೊಟ್ಟರು.

ಸಂಜೆ ಲವೀನಿಯಾ ರಸ್ತೆಯ ಆಚೆ ಬದಿಯಲ್ಲಿ ನಡೆದಳು. ತಿರುವಿನಲ್ಲಿ ಕೆಜಾಯಾ ಇದ್ದ ಬದಿಗೆ ದಾಟಿ ಬಂದಳು.

“ನಿನ್ ಜೊತೆ ಮಾತು ಬಿಟ್ಟಿದೀನಿ, ತಿಳ್ಕೋ,” ಎಂದಳು. ಹತ್ತು ಹೆಜ್ಜೆ ಆದ ಮೇಲೆ ಅವಳೇ ಕೇಳಿದಳು, “ಬೋಲ್ಟಿನ ವಿಷಯ ನಿಂಗ್ಯಾರು ಹೇಳಿದ್ದು?”

“ಅಪ್ಪ. ಟೀ ಕುಡೀವಾಗ ದಿನಾ ಏನಾದ್ರೂ ಹೇಳ್ತಾನೇ ಇರ್ತಾನೆ. ನಿಮ್ಮಪ್ಪ ಹೇಳಲ್ವಾ?”

“ಮನೇಲೂ ಕಾಗದದೊಳಗೇ ಮುಳುಗಿರ್ತಾರೆ. ಏನ್ ಕೇಳಿದ್ರೂ ‘ಷ್!’ ಅಂತಾರೆ. ಅವರ ಹಾಳೆ ಕದ್ದು ನೋಡಿ ಬಾಯಿಪಾಠ ಮಾಡ್ಕೊಂಡೆ, ಅಷ್ಟೆ.” ಲವೀನಿಯಾ ದಾರಿಯಲ್ಲಿದ್ದ ಕಲ್ಲೊಂದನ್ನು ಒದ್ದಳು. “ದಿನಾನೂ ಹೇಳ್ತಾರಾ? ನಿಜವಾಗ್ಲೂ?”

ಆ ದನಿ ಕೆಜಾಯಾಳಿಗೆ ಚೆನ್ನಾಗಿ ಗೊತ್ತಿತ್ತು. ಇಡೀ ಬೆಳಗ್ಗೆ ಅದು ಅವಳ ಹೊಟ್ಟೆಯೊಳಗೇ ಕೂತಿತ್ತು.

“ಇವತ್ತೂ ಹೇಳ್ತಾನೆ,” ಎಂದಳು ಅವಳು, ನಡಿಗೆ ನಿಧಾನ ಮಾಡಿ. “ನಮ್ಮನೆಗೆ ಬಾ.”