ಇಂಚರಳ ಹಿಂದಿನ ಏಳು ದನಿ

ಮೈಕು ಜನರ ಕಡೆಗಿತ್ತು. ಇಂಚರಳ ಬಾಯಿ ಮುಚ್ಚಿತ್ತು.

ಆದರೂ... ಸ್ಪೀಕರಿನಲ್ಲಿ ಅವಳ ದನಿ ಹಾಡುತ್ತಲೇ ಇತ್ತು!

ಜೆ.ಪಿ. ನಗರದ ರಾಜ್ಯೋತ್ಸವ ವೇದಿಕೆ. ಪಲ್ಲವಿ ಬಂದಾಗ ಮೈಕನ್ನು ಸಭಿಕರತ್ತ ಚಾಚಿ "ಈಗ ನೀವು!" ಎನ್ನುವುದು ಅವಳ ಹಳೆಯ ಅಭ್ಯಾಸ. ಜನ ಹಾಡಬೇಕು, ಅವಳು ಕೇಳಿ ನಗಬೇಕು. ಇವತ್ತು ಯಾರೂ ಹಾಡಲಿಲ್ಲ. ಅವಳ ಮುಚ್ಚಿದ ತುಟಿಯನ್ನೊಮ್ಮೆ, ಹಾಡುವ ಸ್ಪೀಕರನ್ನೊಮ್ಮೆ ನೋಡಿದರು.

"ಲಿಪ್ ಸಿಂಕ್ ಗುರು ಇದು!"

"ಲಿಪ್ಪೂ ಇಲ್ಲ ಮಗಾ, ಬರೀ ಸಿಂಕು!"

ನಗೆ ಅಲೆಯಾಗಿ ಬಂತು. ಮೊಬೈಲುಗಳು ಒಂದೊಂದಾಗಿ ಮೇಲೆದ್ದವು.

ಹಾಡು ಮುಗಿಸಿ ವೇದಿಕೆಯ ಹಿಂದಕ್ಕೆ ಧಾವಿಸಿದಾಗ, ಎಂದೂ ತಾಳ ತಪ್ಪದ ಹುಡುಗಿ ತಾಳ್ಮೆ ತಪ್ಪಿದ್ದಳು.

"ಯಾರ್ರೀ ಇಲ್ಲಿ ಲ್ಯಾಪ್‌ಟಾಪು?"

ಕೊರಳಿಗೆ ಹೆಡ್‌ಫೋನ್ ನೇತುಹಾಕಿಕೊಂಡಿದ್ದ ಎತ್ತರದ ಯುವಕನೊಬ್ಬ ಗಾಬರಿಯಿಂದ ಎದ್ದು ನಿಂತ. "ಲ್ಯಾಪ್‌ಟಾಪ್ ಇದ ರೀ. ನಾನು ಚನ್ನವೀರ."

ತಮಾಷೆಯಲ್ಲ, ಪಾಪ, ನಿಜವನ್ನೇ ಹೇಳಿದ್ದ. ಗದಗದ ಕಡೆಯವನು, ಬಿಟಿಎಂ ಬಡಾವಣೆಯಲ್ಲಿ ಬಾಡಿಗೆ ರೂಮು. ಹಾಡುಗಳಿಗೆ ಕಂಪ್ಯೂಟರಿನಲ್ಲಿ ವಾದ್ಯ ಕೂರಿಸುವ ಕೆಲಸಕ್ಕೆ ಎರಡು ತಿಂಗಳ ಹಿಂದೆ ಅವಳ ತಂಡ ಸೇರಿದ್ದರೂ ಅವಳಿಗೆ ಎದುರಾಗಿರಲಿಲ್ಲ. ವೇದಿಕೆಗೆ ಬಂದದ್ದು ಇವತ್ತೇ ಮೊದಲು.

"ನನ್ನ ಮೈಕ್ ಆಫ್ ಮಾಡಿ ರೆಕಾರ್ಡಿಂಗ್ ಹಾಕಿದ್ರಾ?"

"ಇಲ್ರೀ! ಮೈಕ್ ಆನ್ ಇತ್ತು. ಅದು ಹಿಂದಿನ ದನಿ ರೀ... ನೀವು ಸ್ಟುಡಿಯೋದಾಗ..."

"ಹಿಂದಿಂದೋ ಮುಂದಿಂದೋ! ಇಂಚರಂಗೆ ಹಾಡೋಕೆ ಬರಲ್ಲ ಅಂತ ಊರಿಗೆಲ್ಲ ಸಾರಿದ್ರಲ್ಲ, ಥ್ಯಾಂಕ್ಸ್!"

ಅವನು ಬಾಯಿ ತೆರೆದ. ಅವಳು ಆಗಲೇ ತಿರುಗಿ ನಡೆದಿದ್ದಳು.

'ಮಾನ ಹೋಗಿರೋದು ನಂದು. ಇವನ್ಯಾಕೆ ಅಳೋ ಥರ ನಿಂತಿದ್ದಾನೆ?'

ಮೊದಲೆಲ್ಲ ಜನ ರೀಲು ಬಿಡುತ್ತಿದ್ದರು, ಈಗ ಹಾಕುತ್ತಾರೆ. ಮರುದಿನ ಮಧ್ಯಾಹ್ನದೊಳಗೆ ಇಂಚರಳ ಮುಚ್ಚಿದ ಬಾಯಿ ಅವಳ ಮನೆಯಿರುವ ಜಯನಗರವನ್ನೆಲ್ಲ ಸುತ್ತಿ ಬಂದಿತ್ತು.

"ತರಕಾರಿಯವನೂ ಕೇಳ್ದ ಕಣೇ," ಎಂದರು ತಾಯಿ ಪಂಕಜಾ, ಬೀನ್ಸ್ ಮುರಿಯುತ್ತಾ. "ನಿಮ್ ಮಗಳು ಬಾಯಿ ಮುಚ್ಕೊಂಡೇ ಹಾಡ್ತಾರಂತೆ ಅಂತ. ನಮ್ಮನೇಲಿ ಅವಳು ಬಾಯಿ ಮುಚ್ಚೋದನ್ನೇ ನಾನು ನೋಡಿಲ್ಲಪ್ಪ ಅಂದೆ."

"ಅಮ್ಮಾ! ನಗೋ ವಿಷಯಾನಾ ಇದು?"

ಅಷ್ಟರಲ್ಲಿ ಫೋನ್ ಬಂತು. ಗಿರಿನಗರದ ಸಂಘದ ಕಾರ್ಯದರ್ಶಿ ವಸಿಷ್ಠ. ಮುಂದಿನ ಭಾನುವಾರದ ಕಾರ್ಯಕ್ರಮ ಅವರದೇ.

"ಮೇಡಂ, ತಪ್ಪು ತಿಳ್ಕೋಬೇಡಿ. ನಮಗೆ ಲೈವ್ ಸಿಂಗರ್ ಬೇಕಿತ್ತು. ರೆಕಾರ್ಡಿಂಗ್ ಆದ್ರೆ ಮನೇಲೇ ಕೇಳ್ಕೋತೀವಲ್ಲ..."

ಒಂದು ಸಂಘ ಬೇಡವೆಂದರೆ ಉಳಿದವರೂ ಬೇಡವೆನ್ನುತ್ತಾರೆ. ಆಮೇಲೆ ಅವಳನ್ನು ಹಾಡಲು ಕರೆಯುವವರೇ ಇರುವುದಿಲ್ಲ.

"ಸಾರ್, ಒಂದೇ ಒಂದು ಚಾನ್ಸ್ ಕೊಡಿ! ಲ್ಯಾಪ್‌ಟಾಪ್ ತರಲ್ಲ. ಬರೀ ಹಾರ್ಮೋನಿಯಂ, ತಬಲಾ. ಮೋಸ ಅನ್ನಿಸಿದ್ರೆ ಅರ್ಧಕ್ಕೇ ಇಳಿಸಿಬಿಡಿ."

"ಹೂಂ... ಸರಿ. ಆದ್ರೆ ನಾನು ಸ್ಪೀಕರ್ ಪಕ್ಕಾನೇ ನಿಂತಿರ್ತೀನಿ."

ಫೋನಿಟ್ಟವಳೇ ಮೂಗಿನಲ್ಲಿ ರಾಗ ಎಳೆದು "ಸ್ಪೀಕರ್ ಪಕ್ಕಾಆಆನೇ" ಎಂದು ಅವರನ್ನೇ ಅಣಕಿಸಿದಳು. ಪಂಕಜಾ ನಕ್ಕರು. ಇಂಚರ ನಗಲು ಹೋಗಿ ಅತ್ತುಬಿಟ್ಟಳು.

ಸಂಜೆ ಬನಶಂಕರಿಯಲ್ಲಿದ್ದ ತಂಡದ ಸ್ಟುಡಿಯೋ ಮೆಟ್ಟಿಲು ಹತ್ತಿದಾಗ ಅವಳ ಮನಸ್ಸಿನಲ್ಲಿ ಒಂದೇ ಮಾತಿತ್ತು. ನನ್ನ ದನಿ ಆ ಕಂಪ್ಯೂಟರಿನಲ್ಲಿ ಇರಕೂಡದು.

ಬಾಗಿಲು ತೆರೆದೇ ಇತ್ತು. ಚನ್ನವೀರ ಪರದೆಯ ಮುಂದೆ ಬಾಗಿ ಕುಳಿತಿದ್ದ. ಮೇಲೆ 'ಇಂಚರ' ಎಂಬ ಹೆಸರು, ಅದರಡಿ ಏರಿಳಿಯುವ ಗೆರೆಗಳು. ಒಂದು ಗೆರೆಯನ್ನು ಅವನು ಮೌಸಿನಿಂದ ಮೆಲ್ಲಗೆ, ನಿದ್ದೆ ಹೋದ ಮಗುವಿಗೆ ಹೊದಿಕೆ ಸರಿಪಡಿಸಿದಷ್ಟು ಮೆಲ್ಲಗೆ, ಮೇಲಕ್ಕೆ ಸರಿಸುತ್ತಿದ್ದ.

"ಓಹೋ! ನನ್ನ ಸ್ವರ ರಿಪೇರಿ ನಡೀತಿದ್ಯಾ?"

ಅವನು ಬೆಚ್ಚಿಬಿದ್ದ. "ಇದು ನಿಮ್ಮದಲ್ರೀ, ಇದು..."

"ಮೇಲೆ ನನ್ನ ಹೆಸರಿದೆ! ಓದೋಕೆ ಬರುತ್ತೆ ನಂಗೆ. ಹಾಡೋಕೆ ಬರಲ್ಲ ಅಂತ ನೀವೇ ತೀರ್ಮಾನ ಮಾಡಿದ್ದೀರಲ್ಲ... ಓದೋಕಾದ್ರೂ ಬರುತ್ತೆ!"

"ಒಮ್ಮೆ ಕೇಳ್ರೀ. ಒಂದ ನಿಮಿಷ..."

"ಬೇಡ. ಡಿಲೀಟ್ ಮಾಡಿ. ಎಲ್ಲಾ."

ಅವನು ಅವಳ ಮುಖವನ್ನೇ ನೋಡಿದ. ಮೌಸಿಗೆ ಕೈಯಿಟ್ಟ. ಒಂದೊಂದೇ ಗೆರೆ ಮಾಯವಾಯಿತು.

"ಕಾಪಿ ಇಟ್ಟಿರ್ತೀರಾ."

"ಅದನ್ನೂ ತಗದೆ ರೀ. ದನಿ ನಿಮ್ಮದು. ನೀವು ಬ್ಯಾಡ ಅಂದಮ್ಯಾಲ ಇಟ್ಕೊಳ್ಳಾಕ ನಂಗೇನ್ ಹಕ್ಕೈತ್ರೀ?"

ಗೆದ್ದು ಮೆಟ್ಟಿಲಿಳಿದಳು. ಗೆದ್ದ ಹಾಗೆ ಅನಿಸಲಿಲ್ಲ.

ಭಾನುವಾರ ಸಂಜೆ, ಗಿರಿನಗರ. ತಂಡದ ಯಜಮಾನ ರವಿಕುಮಾರ ತಾನೇ ಹಾರ್ಮೋನಿಯಂ ಹಿಡಿದು ಕುಳಿತಿದ್ದ.

"ನೀನು ಡಿಲೀಟ್ ಮಾಡ್ಸಿದ್ದು ಏನು ಅಂತ ಗೊತ್ತೇನಮ್ಮಾ?"

"ಗೊತ್ತು ಸಾರ್. ಅವರು ರಿಪೇರಿ ಮಾಡಿದ ನನ್ನ ಸ್ವರ."

"ನಿನ್ ತಲೆ! ರಿಪೇರಿ ಮಾಡು ಅಂದಿದ್ದು ನಾನು. ಇಂಚರ ಚರಣದಲ್ಲಿ ಸ್ವಲ್ಪ ಮೇಲೆ ಹೋಗ್ತಾಳೆ, ಇಳಿಸಪ್ಪಾ ಅಂದೆ. ಮುಟ್ಟಂಗಿಲ್ರೀ ಅಂದ! ನಿನ್ನ ಸ್ವರ ಇದ್ದಲ್ಲೇ ಇಟ್ಟು, ಕಂಪ್ಯೂಟರ್ ವಯಲಿನ್ನನ್ನ ಒಂದೊಂದೇ ಸ್ವರ ಎಳ್ಕೊಂಡು ಬಂದು ನಿನ್ನ ಪಕ್ಕ ನಿಲ್ಲಿಸ್ತಿದ್ದ. ಅವತ್ತು ನೀನು ನೋಡಿದ್ದು ಅದೇ."

ಇಂಚರ ಮೈಕ್ ಹಿಡಿದಂತೆಯೇ ನಿಂತಳು. "ಮತ್ತೆ... ಜೆ.ಪಿ. ನಗರದಲ್ಲಿ?"

"ಸ್ಟುಡಿಯೋದಲ್ಲಿ ಆ ಹಾಡಿನ ವಿಡಿಯೋಗೆ ಅಂತ ಅದೇ ಪಲ್ಲವಿ ಏಳೆಂಟು ಸಲ ಹಾಡಿದ್ದೆಯಲ್ಲ? ಏಳು ದನಿ ಆರಿಸಿ ನಿನ್ನ ಹಿಂದೆ ಜೋಡ್ಸಿದ್ದ, ಕೋರಸ್ ಥರ. ಮುಂದೆ ನಿನ್ನ ಲೈವ್ ದನಿ ಇದ್ದೇ ಇತ್ತು. ನೀನು ಮೈಕ್ ತಿರುಗಿಸ್ತೀಯ ಅಂತ ಅವನಿಗೇನು ಗೊತ್ತು? ಹೆಡ್‌ಫೋನಲ್ಲಿ ನಿನ್ನ ಉಸಿರು ಉಸಿರೂ ಕೇಳಿದ್ದಾನೆ, ಸ್ಟೇಜ್ ಮೇಲೆ ಒಂದ್ಸಲಾನೂ ನೋಡಿರ್ಲಿಲ್ಲ."

"ಹೇಳ್ಬಹುದಿತ್ತಲ್ಲ..."

"ಹೇಳೋಕೆ ಬಿಟ್ಯಾ ನೀನು?"

ಬಿಟ್ಟಿರಲಿಲ್ಲ. ಎರಡು ಸಲವೂ ಬಿಟ್ಟಿರಲಿಲ್ಲ.

ಅಷ್ಟರಲ್ಲಿ ಅವಳ ಹೆಸರು ಕೂಗಿದರು.

ವಸಿಷ್ಠ ಹೇಳಿದಂತೆಯೇ ಸ್ಪೀಕರಿನ ಪಕ್ಕ, ಡಾಕ್ಟರ್ ಎದೆಗೆ ಕಿವಿಗೊಟ್ಟಂತೆ ನಿಂತಿದ್ದರು.

"ಇವತ್ತು ಲ್ಯಾಪ್‌ಟಾಪ್ ಇಲ್ಲ," ಎಂದಳು ಇಂಚರ. "ತಪ್ಪಿದ್ರೆ ತಪ್ಪೇ ಕೇಳ್ಸುತ್ತೆ. ಕ್ಷಮಿಸಿ."

ಮೊದಲ ಸಾಲಿಗೆ ದನಿ ನಡುಗಿತು. ಎರಡನೆಯದಕ್ಕೆ ನೆಲ ಸಿಕ್ಕಿತು. ತಬಲಾ ಸೇರಿದಾಗ ಮಾತಾಡುತ್ತಿದ್ದವರು ಸುಮ್ಮನಾದರು, ಬೋಂಡಾ ತಿನ್ನುತ್ತಿದ್ದವರು ಬೋಂಡಾ ಮರೆತರು. ಚರಣದಲ್ಲಿ ಅವಳ ಸ್ವರ ಎಂದಿನಂತೆ ಒಂದು ಕೂದಲಿನಷ್ಟು ಮೇಲೇರಿತು. ಹಾರ್ಮೋನಿಯಂ ಮನೆಯಲ್ಲಿ ಸ್ವರಕ್ಕೊಂದು ಕೋಣೆ, ಅವಳ ಸ್ವರದ ಹಿಂದೆ ಅದು ಹೊಸಿಲು ದಾಟಿ ಬರುವುದಿಲ್ಲ. ಇದ್ದಲ್ಲೇ ಉಳಿಯಿತು.

ಆಗ ಗೊತ್ತಾಯಿತು ಅವಳಿಗೆ. ಆ ವಯಲಿನ್ ಇದ್ದಿದ್ದರೆ ಇಲ್ಲಿಗೂ ಬರುತ್ತಿತ್ತು... ಯಾರೋ ಒಬ್ಬ ಕೂತು, ಅದನ್ನು ಕೈಹಿಡಿದು ಇಲ್ಲಿಯತನಕ ಕರೆತಂದಿದ್ದ!

ಕಣ್ಣು ತುಂಬಿತು. ಹಾಡು ನಿಲ್ಲಲಿಲ್ಲ.

ಮುಗಿದಾಗ ಮೊದಲ ಚಪ್ಪಾಳೆ ಸ್ಪೀಕರಿನ ಪಕ್ಕದಿಂದಲೇ ಬಂತು. ವಸಿಷ್ಠ ವೇದಿಕೆ ಹತ್ತಿ ಮೈಕ್ ಕಸಿದುಕೊಂಡರು. "ಆ ರೀಲ್ ನೋಡಿ ನಾನೂ ಅನುಮಾನ ಪಟ್ಟಿದ್ದೆ. ಸಾರಿ ಮೇಡಂ! ಹಾಡು ಅಂದ್ರೆ ಇದು! ಮುಂದಿನ ವರ್ಷಾನೂ ನೀವೇ!"

ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಕೊನೆಯ ಸಾಲಿನಲ್ಲಿ ಮಾತ್ರ ಒಬ್ಬ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೇ ಇದ್ದ. ಕೊರಳಲ್ಲಿ ಹೆಡ್‌ಫೋನ್ ಇರಲಿಲ್ಲ. ಏಳುವುದನ್ನೇ ಮರೆತವನಂತೆ ಅವಳನ್ನೇ ನೋಡುತ್ತಿದ್ದ.

ಇಂಚರ ಮೆಟ್ಟಿಲಿಳಿದು ನೇರ ಅವನೆದುರು ಹೋಗಿ ನಿಂತಳು.

"ಇವತ್ತು ನಿಮಗೆ ಕೆಲಸ ಇರ್ಲಿಲ್ಲ. ಯಾಕೆ ಬಂದ್ರಿ?"

"ನೋಡಾಕ ರೀ," ಎನ್ನುತ್ತಾ ಎದ್ದ. "ಇಷ್ಟ ದಿನ ಬರೇ ಕೇಳಿದ್ದೆ."

"ಹೇಗಿತ್ತು?"

"ಚರಣದಾಗ ಒಂಚೂರು ಮ್ಯಾಲ ಹೋತ್ರೀ."

"ಇಡೀ ಗಿರಿನಗರ ಎದ್ದು ನಿಂತು ಚಪ್ಪಾಳೆ ಹೊಡೀತಿದೆ, ನೀವು...!"

"ಅದ ನಂಗ ಭಾಳ ಸೇರತೈತ್ರೀ," ಎಂದ ಮೆಲ್ಲಗೆ. "ಖುಷಿ ಆದಾಗ ನೀವು ಹಂಗ ಹೋಗ್ತೀರಿ. ಅದನ್ನ ತಗದ್ರ ಹಾಡು ಉಳಿತೈತಿ, ನೀವು ಉಳಿಯಂಗಿಲ್ಲ."

ಅವಳನ್ನು ಇಷ್ಟು ಹತ್ತಿರದಿಂದ ಯಾರೂ ಕೇಳಿರಲಿಲ್ಲ.

"ಸಾರಿ, ಚನ್ನವೀರ ಅವರೇ. ಆ ಏಳು ದನಿ... ಒಂದ್ಸಲಾನೂ ಕೇಳ್ದೇನೇ ಅಳಿಸಿಬಿಟ್ಟೆ."

"ಹೋಗ್ಲಿ ಬಿಡ್ರಿ."

"ಬಿಡಲ್ಲ. ನಾಳೆ ಬಂದು ಏಳೂ ಹಾಡ್ತೀನಿ. ಆದ್ರೆ ಸ್ಟೇಜಲ್ಲಿ ಅವು ನಾನು ಹಾಡು ನಿಲ್ಲಿಸಿದಾಗ ನಿಲ್ಬೇಕು. ಆಗುತ್ತಾ?"

"ಯಾಕಾಗಂಗಿಲ್ರೀ? ನಿಮ್ಮನ್ನ ನೋಡಿಕೋತ ನನ್ನ ಕೈಯಾರ ನುಡಸ್ತೀನಿ. ಕಣ್ಣ ತಗಿಯಂಗಿಲ್ಲ."

ಹೇಳಿದ ಮೇಲೆ ಏನು ಹೇಳಿದೆನೆಂದು ಅವನಿಗೇ ಹೊಳೆದು ಕಿವಿ ಕೆಂಪಾಯಿತು.

"ಇದು... ಹಾಡಿನ ವಿಷಯ ತಾನೆ?" ಎಂದಳು ಇಂಚರ, ನಗು ತಡೆದು.

"ಹೌದ್ರೀ... ಅಲ್ರೀ." ಉಸಿರೆಳೆದುಕೊಂಡ. "ಎರಡ ತಿಂಗಳಿಂದ ನೀವು ನನ್ನ ಕಿವ್ಯಾಗ ಇದ್ರಿ. ಈಗ ಎದ್ಯಾಗ ಅದೀರಿ. ಹಾಡು ಇಲ್ಲದಾಗನೂ ನಿಮ್ಮ ಮಾತು ಕೇಳಬೇಕು ಅನಸ್ತೈತಿ... ದಿನಾ."

"ದಿನಾ ಅಂದ್ರೆ ಬೈಗುಳಾನೂ ಇರುತ್ತೆ. ನೋಡಿದ್ದೀರಲ್ಲ ನನ್ನ ಬಾಯಿ?"

"ಬೈರೀ. ಒಂದಕ್ಷರಾನೂ ಎಡಿಟ್ ಮಾಡಂಗಿಲ್ಲ."

ಕಣ್ಣಂಚು ಒರೆಸಿಕೊಂಡು, ಸೊಂಟಕ್ಕೆ ಕೈಯಿಟ್ಟು, ಥೇಟ್ ಅವನದೇ ಧಾಟಿ ಹಿಡಿದಳು. "ಹಂಗಾರ ಆತ್ ನೋಡ್ರೀಪಾ! ನಂಗೂ ನೀವ ಬೇಕೈತಿ!"

ಚನ್ನವೀರ ಮುಖವರಳಿಸಿ ನಕ್ಕ. "ಬೇಕೈತಿ ಅನ್ನಂಗಿಲ್ರೀ. ಬೇಕಾಗೀರಿ ಅನ್ನಬೇಕು..."

"ಎಡಿಟ್ ಮಾಡಲ್ಲ ಅಂದ್ರಿ?"