ಬೆಲ್ಲದ ಗೋಣಿಯಲ್ಲಿ ಬಂದ ಲೈನು

ಗುಡ್ಡೆದೊಡ್ಡಿಗೆ ಇಂಟರ್‌ನೆಟ್ಟು ಒಯ್ಯುವುದಕ್ಕಿಂತ ಚಂದ್ರನಿಗೆ ಒಯ್ಯುವುದು ಸಲೀಸು. ಚಂದ್ರನ ದಾರಿಯಲ್ಲಿ ಆನೆ ಇಲ್ಲ.

ಹಲಗೂರು ದಾಟಿ, ಜೀಪಿನ ಡ್ರೈವರು ಸ್ಟೇರಿಂಗಿಗೆ ಕೈಮುಗಿದು ಇಳಿದುಬಿಡುವ ಜಾಗದಿಂದ ಮುಂದೆ ಬರೀ ಕಾಡು. ಬಿದಿರು ಎಷ್ಟು ಒತ್ತಾಗಿ ಬೆಳೆದಿದೆಯೆಂದರೆ ಗಾಳಿಯೂ ಅಡ್ಡಡ್ಡ ನುಸುಳಬೇಕು. ಕಾಡಿನ ನಡುವೆ ಒಂದು ಹಳ್ಳ. ಅದರೊಳಗೆ ಕಲ್ಲೆಸೆದವನು ಸದ್ದು ಕೇಳಲು ಮೊಮ್ಮಗನನ್ನು ಕಳಿಸಬೇಕು, ಅಷ್ಟು ಆಳ. ಆಚೆ ದಡದಲ್ಲಿ ಗುಡ್ಡೆದೊಡ್ಡಿ. ಫೈಬರ್ ಕೇಬಲ್ಲು ಈಚೆ ದಡದ ಕೊನೆಯ ಕಂಬದವರೆಗೆ ಬಂದು ನಿಂತಿತ್ತು. ಆಚೆ ಕಂಬದಿಂದ ರೇಷನ್ ಅಂಗಡಿವರೆಗೂ ಎಳೆದಾಗಿತ್ತು. ನಡುವಿನ ಹಳ್ಳವನ್ನು ದಾಟಿಸುವುದೊಂದೇ ಬಾಕಿ. ಸಂಜೆಯೊಳಗೆ.

ಸಂಜೆಯ ಗಡುವಿಗೆ ಕಾರಣ ದೊಡ್ಡಿಯ ಬೆಳ್ಳಮ್ಮ. ರೇಷನ್ ಮೆಷಿನ್ನಿಗೆ ದೊಡ್ಡಿಯಲ್ಲಿ ಸಿಗ್ನಲ್ ಇಲ್ಲ. ಅಂಗಡಿಯ ಮರಿಯಯ್ಯ ತಿಂಗಳು ತಿಂಗಳೂ ಮೆಷಿನ್ನು ಹೊತ್ತು ಹದ್ದಿನಬಂಡೆ ಹತ್ತಬೇಕು, ಊರೆಲ್ಲ ಹಿಂದೆ ಹತ್ತಿ ಹೆಬ್ಬೆಟ್ಟು ಒತ್ತಬೇಕು. ಬೆಳ್ಳಮ್ಮನ ಮಂಡಿ ಕೈಕೊಟ್ಟಿತ್ತು. ಹೋದ ತಿಂಗಳ ಅಕ್ಕಿ ಹಾಗೇ ಹೋಯಿತು. ಈ ತಿಂಗಳಿಗೆ ಇವತ್ತೇ ಕೊನೆ. ಅಳಿಯ ಶಿವರಾಮು ಮೂಟೆ ಅಕ್ಕಿ ಕಳಿಸಿದರೆ, "ಅಳೀಮಯ್ಯನ ಅಕ್ಕೀಲಿ ಒಟ್ಟೆ ಒರಕೊಳೋ ಗತಿ ಬಂದಿಲ್ಲ ನಂಗೆ" ಎಂದು ಅದೇ ಮೂಟೆ ವಾಪಸು.

ಆ ಶಿವರಾಮುವೇ ಭಾರತೀನಗರದ ಕೇಬಲ್ ಎಳೆಯುವ ವೀರ. "ತಿಂಗಳು ಮುಗಿಯೋದ್ರೊಳ್ಗೆ ನಿಮ್ಮಟ್ಟಿ ಬಾಗ್ಲಲ್ಲೇ ಎಬ್ಬೆಟ್ಟು ಒತ್ತುಸ್ತೀನಿ ಅತ್ತೆ" ಎಂದು ಊರ ಮುಂದೆ ಮೀಸೆ ತಿರುವಿದ್ದ. ತಿರುವಿದ ಮೀಸೆಯನ್ನು ಇಳಿಸುವುದು ಕಷ್ಟ.

ಜತೆಗಿದ್ದವರು ಇಬ್ಬರು. ಕೆರಗೋಡಿನ ಅರ್ಪಿತ, ಕೂದಲಿಗಿಂತ ಸಣ್ಣ ಗಾಜಿನೆಳೆಗಳನ್ನು ಬೆಸೆಯುವವಳು. ಕಾಡಿನ ದಾರಿ ಬಲ್ಲ ಮುದ್ದಯ್ಯ. ಮರದ ಡ್ರಮ್ಮು ಕಾಲುದಾರಿಯಲ್ಲಿ ಉರುಳುವುದಿಲ್ಲವೆಂದು ಶಿವರಾಮು ಕೇಬಲ್ಲನ್ನು ಸುರುಳಿ ಸುತ್ತಿ, ತನ್ನೂರಿನ ಆಲೆಮನೆಯ ಹಳೇ ಗೋಣಿಯಲ್ಲಿ ತುಂಬಿದ್ದ. ಇನ್ನೊಂದು ಗೋಣಿ ಹೆಗಲಿಗೆ ಮೆತ್ತೆ. ಮತ್ತೊಂದು ಸಾಮಾನಿನ ಚೀಲದಲ್ಲಿ. ಮೂರೂ ಬೆಲ್ಲ ಕುಡಿದು ಗಟ್ಟಿಯಾಗಿದ್ದವು.

ದಾರಿಯುದ್ದಕ್ಕೂ ಅವನ ಹಿಂದೆ ಇರುವೆಗಳ ಸಾಲು ಮೆರವಣಿಗೆ ಬಂತು.

"ಏನಣ್ಣ, ನಿನ್ನ ಅಭಿಮಾನಿಗಳಾ?" ಅರ್ಪಿತ ಕೇಳಿದಳು.

"ಬರ್ಲಿ ಬುಡಮ್ಮ. ಇರ್ವೆ ತಾನೆ, ಆನೆ ಅಲ್ವಲ್ಲ."

ಈಚೆ ಕಂಬಕ್ಕೆ ಕೇಬಲ್ಲಿನ ಒಂದು ತುದಿ ಬಿಗಿದು, ಅರ್ಪಿತ ಎಳೆ ಬೆಸೆದು ಮುಗಿಸಿದಳು. ಅಷ್ಟರಲ್ಲಿ ಬಿದಿರು ಲಟಲಟ ಮುರಿಯಿತು.

"ಅಲ್ಲಾಡ್‌ಬ್ಯಾಡಿ!" ಮುದ್ದಯ್ಯ ಉಸುರಿದ.

ಬಂದದ್ದು ಒಂಟಿ ಸಲಗ. ಅದರ ಬೆನ್ನ ಮೇಲೆ ಮಳವಳ್ಳಿ ಸಂತೆಯನ್ನೇ ನಡೆಸಬಹುದಿತ್ತು. ಮೂವರೂ ಬಂಡೆಯ ಹಿಂದೆ ಹಾರಿದರು.

ಸಲಗ ಮನುಷ್ಯರತ್ತ ನೋಡಲೂ ಇಲ್ಲ. ನೇರ ಗೋಣಿಗೆ ಸೊಂಡಿಲು ಹಾಕಿತು. ಎತ್ತಿತು. ಹಳ್ಳಕ್ಕಿಳಿಯಿತು.

ಸರ್ರನೆ ಕೇಬಲ್ಲು ಬಿಚ್ಚಿಕೊಳ್ಳತೊಡಗಿತು.

"ನಮ್ ಲೈನು!" ಶಿವರಾಮು ಬಂಡೆಯ ಹಿಂದಿನಿಂದಲೇ ಕೈ ಚಾಚಿದ.

"ಸರ್‍ಯಾದ್ ಕಡೀಕೇ ಓಯ್ತಾ ಅದೆ ಕಣ್ಲಾ" ಎಂದ ಮುದ್ದಯ್ಯ. ಆನೆಯ ದಾರಿ ಹಳ್ಳ ದಾಟಿ ಆಚೆ ಕಂಬದ ಬುಡದಲ್ಲೇ ಹಾಯುತ್ತಿತ್ತು. ಮೂವರು ಅರ್ಧ ದಿನ ಹೆಣಗಬೇಕಾದ ಕೆಲಸವನ್ನು ಸಲಗ ಎಲೆ ಅಡಿಕೆ ಹಾಕುವಷ್ಟು ಹೊತ್ತಿನಲ್ಲಿ ಮುಗಿಸಿತು. ಆದರೆ ಅಲ್ಲಿಂದ ಕದಲಲಿಲ್ಲ. ಉಳಿದ ಸುರುಳಿಯ ಮೇಲೆ ಕಾಲಿಟ್ಟು, ಗೋಣಿ ನೆಕ್ಕುತ್ತ ನಿಂತಿತು.

ಮೂವರೂ ಉರುಳಿಕೊಂಡು ಹಳ್ಳ ಇಳಿದರು, ಬೇರು ಹಿಡಿದು ದಡ ಹತ್ತಿದರು. ಹೊತ್ತು ಹದ್ದಿನಬಂಡೆಯ ನೆತ್ತಿಗೆ ಜಾರಿತ್ತು. ಅಂಗಡಿ ಬಾಗಿಲಲ್ಲಿ ಬೆಳ್ಳಮ್ಮ ಕಾರ್ಡು ಹಿಡಿದು ಕೂತಿರುವುದು ದೂರದಿಂದ ಕಾಣುತ್ತಿತ್ತು.

ಗಾಳಿ ತಿರುಗಿತು.

ಸಲಗದ ಸೊಂಡಿಲು ಎದ್ದು, ಮೆಲ್ಲಗೆ ಶಿವರಾಮುವಿನ ಹೆಗಲಿನತ್ತ ಚಾಚಿಕೊಂಡಿತು.

"ಬುಜದ್ ಮ್ಯಾಲಿನ ಗೋಣಿ ಬಿಸಾಕ್ಲಾ!" ಮುದ್ದಯ್ಯ ಕೂಗಿದ.

ಶಿವರಾಮು ಓಡಿದ. ಅವನ ನೆರಳು ಹಿಂದೆ ಬಿದ್ದು ಏದುಸಿರು ಬಿಟ್ಟಿತು. ನೆಲ ದಡದಡ ನಡುಗಿತು. ಕುತ್ತಿಗೆಗೆ ಬಿಸಿಯುಸಿರು ತಾಗಿದಾಗ ಗೋಣಿಯನ್ನು ಕಿತ್ತು ತಲೆಯ ಮೇಲಿಂದ ಹಿಂದಕ್ಕೆಸೆದ.

ದಡದಡ ನಿಂತಿತು. ಸಲಗ ಗೋಣಿಯನ್ನು ಹಣೆಗಿಟ್ಟುಕೊಂಡು ಬಿದಿರಿನೊಳಗೆ ನಡೆದುಹೋಯಿತು.

ಅರ್ಪಿತ ಕೆಂಪು ಬೆಳಕಿನ ಟಾರ್ಚನ್ನು ಕೇಬಲ್ಲಿನ ತುದಿಗಿಟ್ಟು ನೋಡಿದಳು. ಆನೆಯ ಪಾದ ಬಿದ್ದ ಕಡೆ ಗಾಜು ಮುರಿದು ಕೆಂಪಗೆ ಮಿನುಗಿತು. ಅಷ್ಟನ್ನು ಕತ್ತರಿಸಿ, ಉಸಿರು ಹಿಡಿದು, ಅಂಗಡಿಯ ಲೈನಿನೊಂದಿಗೆ ಎಳೆಗೆ ಎಳೆ ಕೂಡಿಸಿದಳು. ಉಳಿದಿಬ್ಬರೂ ಹಗ್ಗ ಹಾಕಿ ಕೇಬಲ್ಲನ್ನು ಹಳ್ಳದಿಂದೆತ್ತಿ ಕಂಬಕ್ಕೆ ಬಿಗಿದರು.

ಅಂಗಡಿಯಲ್ಲಿ ಹಸಿರು ದೀಪ ಹೊತ್ತಿತು.

ಬೆಳ್ಳಮ್ಮ ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿ ಒತ್ತಿದಳು. ಮೆಷಿನ್ನು ಯೋಚಿಸಿತು. ಊರೇ ಕತ್ತು ಚಾಚಿತು. ಮರಿಯಯ್ಯ ಬಗ್ಗಿ ನೋಡಿ, "ಬಂತು ಕಣಮ್ಮ, ಚೀಲ ತತ್ತಾ" ಎಂದ.

ಅವಳು ಚೀಲ ತಂದಿರಲಿಲ್ಲ. ಲೈನು ಬರುತ್ತದೆಂದು ನಂಬಿದ್ದರೆ ತಾನೆ? ಶಿವರಾಮು ಮೂರನೇ ಗೋಣಿಯನ್ನು ಧಾರಾಳವಾಗಿ ಬಿಡಿಸಿ ಹಿಡಿದ. "ಆನೆ ಅಡ್ಡ ಬಂತು ಅತ್ತೆ. ಒಂದೇ ಗದ್ರು ಗದರ್‍ದೆ, ಬಾಲ ಮುದುರ್‍ಕೊಂಡು ಓಯ್ತು."

ಬೆಳ್ಳಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಉಂಡ್ಕೊಂಡ್ ಓಗು" ಎಂದಳು, ಅಷ್ಟೆ. ಹುರುಳಿ ಸಾರಿನಲ್ಲಿ ಮುದ್ದೆ ಮುರಿದು, ಮೂವರೂ ಊರವರ ಪಂಜಿನ ಬೆಳಕಿನಲ್ಲಿ ಹಳ್ಳ ದಾಟಿದರು.

ಹಲಗೂರಿನಲ್ಲಿ ಟೀ ಬಾಯಿಗಿಡುವಾಗ ಶಿವರಾಮುವಿನ ಫೋನು ಮೊಳಗಿತು. ಅಂಗಡಿಯ ಹೊಸ ಲೈನಿನಲ್ಲಿ, ಮರಿಯಯ್ಯನ ಮೊಬೈಲಿನಿಂದ ವಿಡಿಯೊ ಕರೆ. ಪರದೆಯ ತುಂಬ ಬೆಳ್ಳಮ್ಮನ ಮೂಗುಬಟ್ಟು.

"ಅಳೀಮಯ್ಯ, ಕಾಣ್ತೀನಾ? ನಿನ್ ಗೋಣಿ ಒಳ್ಳೆ ಗಮ್ ಅಂತದೆ ಕಣಪ್ಪ. ಅಕ್ಕಿ ಸಮೇತ ನಡುಮನೇಲೇ ಮಡಗಿವ್ನಿ."

ಶಿವರಾಮುವಿನ ಟೀ ಅಂಗಿಯ ಮೇಲಿತ್ತು. "ಅತ್ತೆ, ಅಕ್ಕಿ ಸುರ್‍ಕೊಂಡು ಗೋಣಿ ಸುಟ್ಟಾಕು! ಈಗ್ಲೇ!"

"ಯಾಕ್ಲಾ?"

"ಆನೆ... ಆನೆ ಬಂದಿದ್ದೇ ಆ ವಾಸ್ನೆಗೆ!"

"ಬತ್ತದೆ ಅಂತೀಯಾ? ಬಂದ್ರೆ ನೀ ಫೋನಲ್ಲೇ ಒಂದ್ ಗದ್ರು ಗದರ್‍ಸ್‌ಬುಡು."

ಅಂಗಡಿ ಮುಂದೆ ನೆರೆದಿದ್ದ ದೊಡ್ಡಿಯೇ ನಕ್ಕಿತು. ಮನೆಯಿಂದ ತಂದ ಗೋಣಿ ಅಂಗಡಿ ಮುಂದಿನ ಬೆಂಕಿಯಲ್ಲಿ ಚಟಪಟ ಉರಿಯುವ ಸದ್ದು ಬರುವವರೆಗೂ ಆ ನಗು ಕಾಡು, ಹಳ್ಳ, ಬಿದಿರು ಎಲ್ಲ ದಾಟಿ, ಎಲ್ಲೂ ತುಂಡಾಗದೆ ಬರುತ್ತಲೇ ಇತ್ತು.

ಅರ್ಪಿತ ಕಿವಿಗೊಟ್ಟು ಕೇಳಿ, ಟೀ ಲೋಟ ಕೆಳಗಿಟ್ಟಳು. "ಲೈನು ಕ್ಲಿಯರ್ ಅದೆ ಅಣ್ಣ."